ಒಳ್ಳೆಯ ರಸ್ತೆಯ ಸದ್ದು

ಈ ಕಥೆಯಲ್ಲೂ ಒಬ್ಬ ಗುರು ಇದ್ದಾರೆ, ಒಬ್ಬ ಶಿಷ್ಯನಿದ್ದಾನೆ, ಪಕ್ಕದಲ್ಲಿ ಹೊಳೆ ಹರಿಯುತ್ತದೆ. ಆದರೆ ಮಠದ ಅಂಗಳದಲ್ಲಿ ಆಕಳು ಕಟ್ಟಬೇಕಾದ ಜಾಗದಲ್ಲಿ ಒಂದು ಹಳೆಯ ಜೀಪು ನಿಂತಿದೆ. ಓದುವವರು ಬೇಸರ ಮಾಡಿಕೊಳ್ಳಬಾರದು. ಆಕಳ ಕೈಲಾಗದ ಕೆಲಸವೊಂದನ್ನು ಆ ಜೀಪು ಮಾಡುತ್ತಿತ್ತು.

ಹೊಳೆಯ ಈಚೆಗೆ ಕಾಡಂಚಿನ ನಾಲ್ಕಾರು ಹಳ್ಳಿ. ಆಚೆಗೆ ರಸ್ತೆ, ರಸ್ತೆಯ ಕೊನೆಗೆ ಪಟ್ಟಣ, ಪಟ್ಟಣದಲ್ಲಿ ಆಸ್ಪತ್ರೆ. ನಡುವೆ ಸೇತುವೆ ಇರಲಿಲ್ಲ. ಮರಳು, ಅದರ ಮೇಲೆ ಮೊಣಕಾಲುದ್ದ ನೀರು. ಬೇರೆ ಗಾಡಿಗಳು ಅಲ್ಲಿ ಇಳಿಯುತ್ತಿರಲಿಲ್ಲ. ರೋಗಿಗಳನ್ನೂ ಬಸುರಿಯರನ್ನೂ ಮಠದ ಜೀಪೇ ದಾಟಿಸಬೇಕಿತ್ತು.

ಗುರುವನ್ನು ಎಲ್ಲರೂ ಬುದ್ಧಿ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಸ್ವಾಮಿಗಳನ್ನು ಕರೆಯುವುದೇ ಹಾಗೆ. ಅವರ ಮಾತಿನಲ್ಲಿ ಮಾತ್ರ ಆ ಸೀಮೆಯ ಎಳೆತವಿರಲಿಲ್ಲ. ಎಲ್ಲಿಂದ ಬಂದರು, ಕಾವಿ ಉಡುವ ಮೊದಲು ಏನಾಗಿದ್ದರು ಎಂದು ಯಾರೂ ಕೇಳಿರಲಿಲ್ಲ. ಸನ್ಯಾಸಿಯ ಪೂರ್ವಾಶ್ರಮವನ್ನು ಕೇಳಬಾರದು.

ಶಿಷ್ಯನ ಹೆಸರು ಗುರುಮಲ್ಲ. ವಯಸ್ಸು ಮೂವತ್ತು ದಾಟಿತ್ತು. ಬೆಳಿಗ್ಗೆ ವಚನ ಕಲಿಯುತ್ತಿದ್ದ, ಉಳಿದ ಹೊತ್ತು ಜೀಪು ಓಡಿಸುತ್ತಿದ್ದ. ನಿಜ ಹೇಳಬೇಕೆಂದರೆ ವಚನಕ್ಕಿಂತ ಜೀಪೇ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಜೀಪಿನಲ್ಲಿ ಗೇರಿನ ಪಕ್ಕಕ್ಕೆ ಇನ್ನೊಂದು ಚಿಕ್ಕ ಲಿವರ್ ಇತ್ತು. ಹಾಕಿದರೆ ಮುಂದಿನ ಎರಡು ಚಕ್ರಗಳೂ ಎಳೆಯುತ್ತವೆ. ತೆಗೆದರೆ ಹಿಂದಿನವು ಮಾತ್ರ. ಊರವರ ಬಾಯಲ್ಲಿ ಅದು ಫೋರ್ ವೀಲ್. ಹೊಳೆಗೆ ಇಳಿಯುವ ಮೊದಲು ಹಾಕಿಕೊಳ್ಳಬೇಕು.

ಎರಡು ವರ್ಷದ ಹಿಂದೆ, ಒಂದು ಶ್ರಾವಣದಲ್ಲಿ, ಗುರುಮಲ್ಲ ಹಾಕಿಕೊಳ್ಳಲಿಲ್ಲ.

ದುಂಡಮ್ಮ ಎಂಬ ಹೆಣ್ಣುಮಗಳಿಗೆ ಚೊಚ್ಚಲ ಹೆರಿಗೆಯ ನೋವು ಬಂದಿತ್ತು. ಗಡಿಬಿಡಿಯಲ್ಲಿ ಮರೆತ. ನಡುಹೊಳೆಯಲ್ಲಿ ಹಿಂದಿನ ಚಕ್ರ ಮರಳಿನಲ್ಲಿ ಹೂತುಕೊಂಡಿತು. ನೆನಪಾಗಿ ಲಿವರ್ ಹಾಕುವಷ್ಟರಲ್ಲಿ ಗಾಡಿ ಹೊಟ್ಟೆ ಊರಿ ಕೂತುಬಿಟ್ಟಿತ್ತು. ಜನ ಬಂದು, ಎತ್ತಿ, ತಳ್ಳಿ ಆಚೆ ದಡ ಸೇರಿಸುವ ಹೊತ್ತಿಗೆ ಜೀಪಿನೊಳಗೇ ಹೆರಿಗೆಯಾಯಿತು.

ಕೂಸು ಅಳಲಿಲ್ಲ.

ಯಾರೂ ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

ಅಂದಿನಿಂದ ಗುರುಮಲ್ಲ ಆ ಲಿವರನ್ನು ತೆಗೆಯಲಿಲ್ಲ. ಹೊಳೆಯಲ್ಲೂ ಹಾಕಿಯೇ ಇರುತ್ತಿತ್ತು, ರಸ್ತೆಯಲ್ಲೂ ಹಾಕಿಯೇ ಇರುತ್ತಿತ್ತು. ಅದನ್ನು ಅವನು ವ್ರತದ ಹಾಗೆ ಹಿಡಿದುಕೊಂಡ, ಯಾರಿಗೂ ಹೇಳಲಿಲ್ಲ. ದುಂಡಮ್ಮ ಎದುರು ಬಂದರೆ ನೆಲ ನೋಡಿಕೊಂಡು ನಡೆದುಬಿಡುತ್ತಿದ್ದ.

ಹಾಗೇ ದಿನ ಕಳೆದವು. ಈ ಸಲ ಯುಗಾದಿಯ ಹೊತ್ತಿಗೆ ಆಚೆ ದಡದ ಮಣ್ಣು ರಸ್ತೆಗೆ ಟಾರು ಬಿತ್ತು. ಊರಿಗೆಲ್ಲ ಸಂತೋಷ. ಅದಾಗಿ ತಿಂಗಳೊಪ್ಪತ್ತಿಗೆ ಜೀಪಿನ ಹೊಟ್ಟೆಯೊಳಗೆ ಸದ್ದು ಶುರುವಾಯಿತು.

"ಬುದ್ಧಿ, ಗಾಡೀಲಿ ಸದ್ದು ಬತ್ತಾ ಅದ."

"ಏನನ್ನುತ್ತೆ?"

"ಧಡಕ್ ಅಂತದ."

"ಅದು ಸದ್ದು. ಏನು ಹೇಳುತ್ತೆ ಅಂತ ಕೇಳಿದೆ."

ಗುರುಮಲ್ಲ ಜೀಪು ತೆಗೆದುಕೊಂಡು ಪಟ್ಟಣದ ಗ್ಯಾರೇಜಿಗೆ ಹೋದ.

ಗ್ಯಾರೇಜಿನವನು ಗಾಡಿಯ ಕೆಳಗೆ ಮಲಗಿ ನೋಡಿ, ಕ್ರಾಸ್ ಹೋಗಿದೆ ಎಂದ. ಗೇರ್‌ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಉದ್ದನೆಯ ಶಾಫ್ಟಿನ ತುದಿಯ ಕೀಲುಗಳಿಗೆ ಅವರು ಹಾಗೆನ್ನುತ್ತಾರೆ. ಹೊಸ ಕ್ರಾಸ್ ಹಾಕಿಸಿದ್ದಾಯಿತು. ಹಿಂದಿರುಗುವಾಗ ಮೂರನೆಯ ತಿರುವಿನಲ್ಲಿ ಮತ್ತೆ ಧಡಕ್.

ಇನ್ನೊಂದು ಸಲ ಹೋದಾಗ ಚಕ್ರದ ಮೇಲಿನ ಸ್ಪ್ರಿಂಗ್ ಪ್ಲೇಟುಗಳ ಬೋಲ್ಟು ಬಿಗಿ ಮಾಡಿದರು. ಮತ್ತೊಂದು ಸಲ ಗೇರ್‌ಬಾಕ್ಸಿನ ಕೆಳಗಿನ ರಬ್ಬರು ಬದಲಾಯಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸದ್ದು ತನ್ನ ಪಾಡಿಗೆ ತಾನು ಇತ್ತು.

ಬುದ್ಧಿ ಮಾತ್ರ ಪ್ರತಿಸಲ ಜೀಪು ಅಂಗಳಕ್ಕೆ ಬಂದು ನಿಂತಾಗ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ದಿನ ದುಂಡಮ್ಮನ ತಾಯಿ ರಾಚವ್ವ ಮಠಕ್ಕೆ ಬಂದಳು. ಬುದ್ಧಿಗೆ ಕೈ ಮುಗಿದು ಗುರುಮಲ್ಲನ ಮುಂದೆ ನಿಂತಳು.

"ಅಪ್ಪ, ನಮ್ ದುಂಡಮ್ಮಂಗ ಮತ್ತ ದಿನ ತುಂಬ್ತಾ ಅವ. ಅಮಾಸ ಕಳುದ್ ಮ್ಯಾಲ ಅಂತ ನರ್ಸಮ್ಮ ಹೇಳವ್ಳ. ನೋವು ಕಾಣಿಸ್ಕಂಡ್ ತಕ್ಷಣ ಆಸ್ಪತ್ರಗ ಕರ್ಕಬನ್ನಿ ಅಂತ."

ಗುರುಮಲ್ಲ ನೆಲ ನೋಡಿದ.

"ಆದ್ರ ಅವ್ಳು ಗಾಡಿ ಹತ್ತಲ್ಲ ಅಂತಾಳ."

"ನಾನ್ ಓಡ್ಸದು ಬ್ಯಾಡ ಅಂತಾಳಾ?"

"ನಿನ್ ಮಾತು ಆಡಾಕಿಲ್ಲ ಅವ್ಳು. ಸದ್ದು ಅಂತಾಳ. ಮೊನ್ನೆ ಆಚ ದಡದ ಟಾರ್ ರಸ್ತೇಲಿ ಗಾಡಿ ಬಂದಾಗ ಕೇಳ್ಕಂಡ್ಳಂತ. ಒಳಗಿಂದ ಯಾರೋ ಬಡ್ದಂಗ ಕೇಳ್ತದ ಕನವ್ವ, ನಾ ಹತ್ತಲ್ಲ ಅಂತಾಳ. ಹೊಳ ದಾಟ್ದೆ ಇದ್ರ ನನ್ ಮಗಳ ಗತಿ ಏನಪ್ಪ?"

ರಾಚವ್ವ ಹೋದ ಮೇಲೆ ಗುರುಮಲ್ಲ ಬಹಳ ಹೊತ್ತು ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು.

ಮರುದಿನ ಮತ್ತೆ ಗ್ಯಾರೇಜಿಗೆ ಹೋದ. ಹಿಂದಿನ ಚಕ್ರಗಳ ನಡುವೆ ಹಲ್ಲುಗಾಲಿಗಳಿರುವ ದೊಡ್ಡ ಗುಂಡನೆಯ ಹೌಸಿಂಗನ್ನು ಬಿಚ್ಚಿಸಿದ.

"ಹಲ್ಲಿಗೂ ಹಲ್ಲಿಗೂ ನಡುವೆ ಸ್ವಲ್ಪ ಆಟ ಇದೆ. ಈ ವಯಸ್ಸಿನ ಗಾಡಿಗೆ ಇದು ಸರಿಯಾಗೇ ಇದೆ," ಎಂದ ಗ್ಯಾರೇಜಿನವನು.

"ಆಟ ಬ್ಯಾಡ. ಒಂದು ಕೂದಲೆಳೆ ಅಲುಗಬಾರದು. ಬಿಗಿ ಮಾಡಿ."

"ಅಷ್ಟು ಬಿಗಿ ಮಾಡಬಾರದು ಕಣ್ರೀ."

"ಮಾಡಿ ಅಂದೆ."

ಗ್ಯಾರೇಜಿನವನು ತೆಳುವಾದ ವಾಷರ್ ಸೇರಿಸಿ ಬಿಗಿ ಮಾಡಿದ. ಸ್ವಾಮಿಗಳ ಕಡೆಯವರ ಹತ್ತಿರ ಎಷ್ಟು ವಾದ ಮಾಡುವುದು.

ಜೀಪು ಮಠಕ್ಕೆ ಬಂದು ನಿಂತಾಗ ಬುದ್ಧಿ ಜಗುಲಿಯಿಂದ ಇಳಿದು ಬಂದರು. ಗಾಡಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಹೌಸಿಂಗಿನ ಹತ್ತಿರ ಅಂಗೈ ಒಯ್ದರು. ಮುಟ್ಟಲಿಲ್ಲ.

"ಬಾ ಇಲ್ಲಿ. ಕೈಯಿಡು."

ಗುರುಮಲ್ಲ ಕೈಯಿಟ್ಟು ಥಟ್ಟನೆ ಎಳೆದುಕೊಂಡ. ಬೆರಳು ಚುರ್ರೆಂದಿತು.

"ಜ್ವರ," ಎಂದರು ಬುದ್ಧಿ. "ನೀನೇ ಬರಿಸಿದ್ದು. ಸದ್ದು ಹೋಯ್ತಾ?"

"ಇಲ್ಲ ಬುದ್ಧಿ."

"ಆಟವೇ ಇಲ್ಲದ ಹಲ್ಲು ಒಂದನ್ನೊಂದು ತಿನ್ನುತ್ತವೆ. ನಾಳೆ ಹೋಗಿ ಆ ವಾಷರ್ ತೆಗೆಸಿಕೊಂಡು ಬಾ."

"ತೆಗ್ಸಿದ್ರ ಸಡ್ಲ ಆಯ್ತದ."

"ಆಗಲಿ. ಮಠದಲ್ಲೂ ಒಂದಿಷ್ಟು ಸಡಿಲ ಇರೋದಕ್ಕೇ ನೀನು ಇಲ್ಲಿದ್ದೀಯ."

ಗುರುಮಲ್ಲನಿಗೆ ನಗು ಬರಲಿಲ್ಲ. ಅವನು ನಕ್ಕು ಎರಡು ವರ್ಷವಾಗಿತ್ತು.

ವಾಷರ್ ತೆಗೆಸಿ ಬಂದ ಮೇಲೆ ಬುದ್ಧಿಯ ಪಾದದ ಹತ್ತಿರ ಕೂತ.

"ಬುದ್ಧಿ, ಸೋತೆ. ಸದ್ದು ಎಲ್ಲಿಂದ ಬತ್ತದ, ನೀವೇ ಹೇಳಿ."

"ಇಷ್ಟು ದಿನ ಅದನ್ನೇ ಕೇಳಿದೆ. ಎಲ್ಲಿ, ಎಲ್ಲಿ ಅಂತ ಬಿಚ್ಚಿಸಿದೆ. ಯಾವಾಗ ಅಂತ ಒಂದು ದಿನವಾದರೂ ಕೇಳಿದೆಯಾ?"

ಮಠದ ಗೋಡೆಗೆ ಬಳಿಯಲು ಒಂದು ಬಕೆಟ್ಟಿನಲ್ಲಿ ಸುಣ್ಣ ಕಲಸಿಟ್ಟಿದ್ದರು. ಬುದ್ಧಿ ಹೊಳೆಯ ದಡದಿಂದ ಒಂದು ಬುಟ್ಟಿ ಕಲ್ಲು ಆರಿಸಿ ತಂದು ಅದರಲ್ಲಿ ಅದ್ದಿ ಒಣಗಿಸಿದರು.

"ಇದನ್ನ ಪಕ್ಕದಲ್ಲಿ ಇಟ್ಟುಕೊಂಡು ಓಡಿಸು. ಸದ್ದಾದ ಕಡೆ ಒಂದೊಂದು ಕಲ್ಲು ಕೆಳಗೆ ಹಾಕು. ಜೋರಾಗಿ ಆದರೆ ದೊಡ್ಡ ಕಲ್ಲು. ಮೂರು ಮೈಲಿ ಹೋಗಿ ವಾಪಸು ಬಾ."

ಗುರುಮಲ್ಲ ಹಾಗೇ ಮಾಡಿದ. ದಾರಿಯಲ್ಲಿ ದನ ಕಾಯುತ್ತಿದ್ದವರು ಮಠದವರಿಗೆ ಏನೋ ಹಿಡಿದುಕೊಂಡಿದೆ ಎಂದುಕೊಂಡರು.

ಮರುದಿನ ಬೆಳಿಗ್ಗೆ ಇಬ್ಬರೂ ಕಲ್ಲುಗಳನ್ನು ನೋಡಿಕೊಂಡು ನಡೆದರು. ಬುದ್ಧಿ ಬರಿಗಾಲಲ್ಲಿ ಮುಂದೆ, ಗುರುಮಲ್ಲ ಬುಟ್ಟಿ ಹಿಡಿದು ಹಿಂದೆ.

ಮಠದಿಂದ ಹೊಳೆಯ ತನಕ ಮಣ್ಣು ದಾರಿ. ಒಂದು ಕಲ್ಲೂ ಇರಲಿಲ್ಲ.

ಹೊಳೆಯಲ್ಲಿ ಮರಳು, ನೀರು. ಅಲ್ಲೂ ಒಂದು ಕಲ್ಲು ಇರಲಿಲ್ಲ.

ಟಾರು ಶುರುವಾಯಿತು. ಮೊದಲ ತಿರುವಿನಲ್ಲಿ ಒಂದು ಬಿಳಿ ಕಲ್ಲು. ಎರಡನೆಯದರಲ್ಲಿ ಎರಡು. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಕಲ್ಲು. ಗುರುಮಲ್ಲ ವಾಪಸು ಬರುವಾಗ ಹಾಕಿದ್ದ ಎಲ್ಲಕ್ಕಿಂತ ದೊಡ್ಡ ಕಲ್ಲು ಟಾರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ಬಿದ್ದಿತ್ತು.

ಬುದ್ಧಿ ಆ ದೊಡ್ಡ ಕಲ್ಲಿನ ಪಕ್ಕದಲ್ಲಿ ಕೂತುಕೊಂಡರು.

"ಏನು ಕಂಡೆ?"

"ಮಣ್ಣಲ್ಲಿ ಇಲ್ಲ. ಮರಳಲ್ಲಿ ಇಲ್ಲ. ಎಲ್ಲಾ ಟಾರಲ್ಲೇ ಅದ."

"ಕಷ್ಟದ ದಾರಿಯಲ್ಲಿ ಬಾಯಿ ಮುಚ್ಚಿಕೊಂಡು ಹೋಗುತ್ತೆ. ಒಳ್ಳೇ ರಸ್ತೆಯಲ್ಲಿ ಅಳುತ್ತೆ."

"ಯಾಕ ಬುದ್ಧಿ?"

"ನನ್ನ ಕೇಳಿದರೆ? ಓಡಿಸೋನು ನೀನು."

ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ಮರುದಿನ ಬುದ್ಧಿ ತಾವೇ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಟಾರು ರಸ್ತೆಯಲ್ಲಿ ಏಳು ತಿರುವು ಕಳೆದ ಮೇಲೆ ನಿಲ್ಲಿಸು ಎಂದರು.

"ಎಂಜಿನ್ ಆಫ್ ಮಾಡು. ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ಮುಂದಿನ ಎಡ ಚಕ್ರಕ್ಕೆ ಜಾಕಿ ಹಾಕು."

ಜಾಕಿ ಎಲ್ಲಿಗೆ ಕೂರಬೇಕೋ ಅಲ್ಲಿಗೆ ಬುದ್ಧಿಯೇ ಕಾವಿ ಪಂಚೆ ಮೇಲಕ್ಕೆ ಸಿಕ್ಕಿಸಿ, ಮಲಗಿ, ಒಂದೇ ಸಲಕ್ಕೆ ಇಟ್ಟರು. ಆ ಕೈಗೆ ಹುಡುಕುವ ಅಗತ್ಯವೇ ಇರಲಿಲ್ಲ. ಗುರುಮಲ್ಲ ನೋಡುತ್ತಾ ನಿಂತ.

"ಬುದ್ಧಿ, ಇದೆಲ್ಲ ನಿಮ್ಗ ಹೆಂಗ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

"ಎತ್ತು," ಎಂದರು ಬುದ್ಧಿ.

ಗುರುಮಲ್ಲ ಜಾಕಿ ತಿರುಗಿಸಿದ. ಚಕ್ರ ನೆಲ ಬಿಟ್ಟು ಮೇಲೇಳುವುದೇ ತಡ, ಯಾರೂ ಮುಟ್ಟದೆ ತಾನೇ ಗಿರ್ರನೆ ಅರ್ಧ ಸುತ್ತು ತಿರುಗಿತು. ಗಾಡಿಯ ಹೊಟ್ಟೆಯೊಳಗೆ ಧಡಕ್ ಎಂದಿತು.

ಅವನು ಹೌಹಾರಿ ಹಿಂದೆ ಸರಿದ.

"ಎಂಜಿನ್ ಆಫ್ ಅದ ಬುದ್ಧಿ! ಯಾರ್ ತಿರುಗ್ಸಿದ್ರು?"

"ನೀನು. ಹೊಳೆ ದಾಟಿದಾಗಿನಿಂದ ತಿರುಚಿಕೊಂಡೇ ಬಂದೆ."

ಬುದ್ಧಿ ಎದ್ದು ಕೈಯ ಧೂಳು ಕೊಡವಿದರು.

"ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹೋಗುತ್ತೆ, ಹಿಂದಿನದು ಚಿಕ್ಕ ಸುತ್ತು. ಫೋರ್ ವೀಲ್ ಹಾಕಿದಾಗ ಎರಡಕ್ಕೂ ಒಂದೇ ಸಮ ನಡೀರಿ ಅಂತ ಕಟ್ಟಿಹಾಕಿದ ಹಾಗೆ. ಮರಳಿನಲ್ಲಿ ಚಕ್ರ ಸ್ವಲ್ಪ ಜಾರಿ ಬಿಗಿ ಬಿಟ್ಟುಕೊಳ್ಳುತ್ತೆ. ಮಣ್ಣಲ್ಲೂ ಅಷ್ಟೆ. ಟಾರು ಜಾರೋಕೆ ಬಿಡಲ್ಲ. ಆ ಬಿಗಿಯೆಲ್ಲ ಶಾಫ್ಟಿಗೆ ಸೇರುತ್ತೆ. ತಡೆಯೋಕೆ ಆಗದೇ ಇದ್ದಾಗ ಬಡಿಯುತ್ತೆ."

ಗುರುಮಲ್ಲ ಚಿಕ್ಕ ಲಿವರಿನ ಕಡೆ ನೋಡಿದ.

"ಎಷ್ಟು ದಿನದಿಂದ ತೆಗೆದಿಲ್ಲ?"

ಅವನು ಜಾಕಿಯ ಹಿಡಿಯ ಧೂಳು ಒರೆಸತೊಡಗಿದ.

"ಎರಡು ವರ್ಷ," ಎಂದು ಬುದ್ಧಿಯೇ ಹೇಳಿದರು. "ಮೊದಲ ದಿನವೇ ಗೊತ್ತಿತ್ತು ನನಗೆ. ಈಗ ಬಿಗಿ ಹೋಗಿದೆ, ಎರಡು ಬೆರಳಲ್ಲಿ ಬರುತ್ತೆ. ತೆಗಿ."

ಗುರುಮಲ್ಲ ಸೀಟಿಗೆ ಹತ್ತಿ ಲಿವರಿನ ಮೇಲೆ ಕೈಯಿಟ್ಟ. ಲಿವರಿಗೆ ಏನೂ ಆಗಿರಲಿಲ್ಲ, ಅವನ ಕೈಯೇ ಬರಲಿಲ್ಲ.

"ಆಗಲ್ಲ ಬುದ್ಧಿ."

"ಯಾಕೆ?"

"ತೆಗ್ದು ಮರ್ತೋದ್ರ? ಅವತ್ತಿನಂಗೇ ಹೊಳೇಲಿ ನಿಂತೋದ್ರ? ಹಾಕೇ ಇದ್ರ ಮರಿಯಂಗಿಲ್ಲ. ಅದ್ಕೇ ಹಾಕಿವ್ನಿ. ನನ್ ಕೈನ ನಾನು ನಂಬಲ್ಲ ಬುದ್ಧಿ."

ಅವನು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತ. ದೊಡ್ಡ ಗಂಡಸು ಅಳುವುದನ್ನು ನೋಡುವುದು ಕಷ್ಟ. ಬುದ್ಧಿ ರಸ್ತೆಯ ಕಡೆ ಮುಖ ತಿರುಗಿಸಿ ನಿಂತರು.

"ಹೀಗೇ ಓಡಿಸಿದರೆ ಒಂದು ದಿನ ಶಾಫ್ಟು ಮುರಿಯುತ್ತೆ," ಎಂದರು. "ಹೊಳೆಯಲ್ಲಿ ಅಲ್ಲ. ಒಳ್ಳೇ ರಸ್ತೆಯಲ್ಲಿ."

"ದುಂಡಮ್ಮ ಕೂತಿದ್ದಾಗ್ಲೇ ಮುರುದ್ರ?"

"ಅದನ್ನ ನಿನ್ನ ಕೈಯನ್ನೇ ಕೇಳು."

ಆಮೇಲೆ, ಗುರುಮಲ್ಲ ಅರ್ಧಕ್ಕೇ ನುಂಗಿದ್ದ ಪ್ರಶ್ನೆಗೆ ಉತ್ತರ ಕೊಡುವವರಂತೆ ಹೇಳಿದರು: "ನಾನೂ ಒಂದು ಕಾಲದಲ್ಲಿ ಒಂದು ಸದ್ದು ಕೇಳಿಸಿದರೂ ಕೇಳಿಸದವನ ಹಾಗೆ ಗಾಡಿ ಓಡಿಸಿದ್ದೆ. ಅಷ್ಟು ಮಾತ್ರ ಹೇಳಬಲ್ಲೆ. ಜಾಕಿ ಇಳಿಸು."

ಮಠಕ್ಕೆ ವಾಪಸಾಗುವಾಗ ದೊಡ್ಡ ಕಲ್ಲಿದ್ದ ಜಾಗದಲ್ಲಿ ಮತ್ತೆ ಧಡಕ್ ಎಂದಿತು.

ಅಮಾವಾಸ್ಯೆಯ ಹಿಂದಿನ ದಿನ ಮಠದ ಜಮಖಾನಗಳನ್ನು ಹೊಳೆಯಲ್ಲಿ ಒಗೆಯುವ ಪದ್ಧತಿ. ಊಟಕ್ಕೆ ಬಂದ ಭಕ್ತರು ಕೂರುವ ಜಮಖಾನಗಳು ಅವು, ನೀರು ಕುಡಿದರೆ ಒಬ್ಬರ ಕೈಗೆ ಎತ್ತಲಾಗದು. ಗುರುಮಲ್ಲ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಬುದ್ಧಿ ಹಿಡಿದರು.

ಇಬ್ಬರೂ ಎದುರುಬದುರು ನಿಂತು ಹಿಂಡತೊಡಗಿದರು. ನೀರು ಧಾರೆಯಾಗಿ ಸುರಿಯಿತು. ಆಮೇಲೆ ಹನಿಯಾಯಿತು. ಆಮೇಲೆ ಅದೂ ನಿಂತಿತು. ಬುದ್ಧಿ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನೀರು ಹೋಯ್ತು ಬುದ್ಧಿ."

ಅವರು ಇನ್ನೊಂದು ಸುತ್ತು ತಿರುಚಿದರು. ಜಮಖಾನ ಹಗ್ಗವಾಗಿ ಗಂಟು ಗಂಟಾಯಿತು. ಗುರುಮಲ್ಲನ ಮಣಿಕಟ್ಟು ಹೊರಳಿತು.

"ಬುದ್ಧಿ, ಕೈ ನೋಯ್ತದ."

"ಬಿಡು ಮತ್ತೆ."

"ಬುಟ್ರ ಮಣ್ಣಿಗ ಬೀಳ್ತದ. ಒಗ್ದುದ್ದೆಲ್ಲ ದಂಡ ಆಯ್ತದ."

"ಹಿಡ್ಕೋ ಹಾಗಾದರೆ."

ಇನ್ನೂ ಅರ್ಧ ಸುತ್ತು. ಗುರುಮಲ್ಲನ ಕಣ್ಣಲ್ಲಿ ನೀರು ಬಂತು. ಹಿಡಿಯುವುದಕ್ಕೂ ಆಗಲಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ.

ಆಗ ಬುದ್ಧಿ ತಮ್ಮ ತುದಿಯನ್ನು ಕೈಯಲ್ಲೇ ಇಟ್ಟುಕೊಂಡು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರು. ಬಟ್ಟೆ ತಾನಾಗಿ ಬಿಚ್ಚಿಕೊಂಡಿತು. ಮಣ್ಣಿಗೆ ಬೀಳಲಿಲ್ಲ. ಗುರುಮಲ್ಲನ ಮಣಿಕಟ್ಟು ಸಡಿಲವಾಯಿತು.

ಇಬ್ಬರೂ ಸೇರಿ ಅದನ್ನು ಬಂಡೆಯ ಮೇಲೆ ಹರವಿದರು. ಬುದ್ಧಿ ಮುಂದಿನ ಜಮಖಾನ ಎತ್ತಿಕೊಂಡರು.

ಅಮಾವಾಸ್ಯೆ ಕಳೆದ ಎರಡನೆಯ ಬೆಳಿಗ್ಗೆ ರಾಚವ್ವ ಓಡಿಬಂದಳು. ಹಿಂದೆಯೇ ಊರ ಇಬ್ಬರು ಹೆಂಗಸರು ದುಂಡಮ್ಮನನ್ನು ಹಿಡಿದುಕೊಂಡು ಬಂದರು. ಅವಳ ಗಂಡ ಮರ ಕಡಿಯುವ ಕೂಲಿಗೆ ದೂರ ಹೋಗಿದ್ದ.

ದುಂಡಮ್ಮ ಜೀಪಿನ ಹಿಂದೆ ಬಂದು ನಿಂತಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗಾಡಿಯ ಕಂಬಿಯ ಮೇಲೆ.

"ಸದ್ದು ನಿಂತದಾ?" ಎಂದಳು.

ಸುಳ್ಳು ಹೇಳಬಹುದಿತ್ತು. ಗುರುಮಲ್ಲ ಅವಳ ಕಾಲಿನ ಕಡೆ ನೋಡುತ್ತಾ ಹೇಳಿದ: "ಇನ್ನೂ ಇಲ್ಲ ಕನವ್ವ. ಯಾಕ ಬತ್ತದ ಅಂತ ಗೊತ್ತಾಯ್ತು. ಆಚ ದಡದಲ್ಲಿ ಆ ಸದ್ದ ನಿಲ್ಸ್ತೀನಿ."

ದುಂಡಮ್ಮ ಕದಲಲಿಲ್ಲ. ನೋವು ಒಂದು ಸಲ ಬಂದು ಹೋಯಿತು. ಬುದ್ಧಿ ಬಂದು ಮುಂದಿನ ಸೀಟಿನಲ್ಲಿ ಕೂತರು.

"ಬುದ್ಧಿ ಕೂತವ್ರ. ಹತ್ತು ಮಗ," ಎಂದಳು ರಾಚವ್ವ. ದುಂಡಮ್ಮ ಹತ್ತಿದಳು.

ಹೊಳೆಯಲ್ಲಿ ನೀರು ತಣ್ಣಗೆ ಹರಿಯುತ್ತಿತ್ತು. ನಾಲ್ಕು ಚಕ್ರವೂ ಮರಳನ್ನು ಹಿಡಿದು ನಡೆದವು. ನಡುಹೊಳೆ ಬಂತು. ಆ ಜಾಗ ಎಲ್ಲರಿಗೂ ಗೊತ್ತಿತ್ತು. ಜೀಪು ನಿಲ್ಲಲಿಲ್ಲ, ದಡ ಹತ್ತಿತು.

ಟಾರು ಬಂತು. ಗುರುಮಲ್ಲನ ಕೈ ಸ್ಟೇರಿಂಗಿನ ಮೇಲೇ ಇತ್ತು. ಮೊದಲ ತಿರುವು ಬಂತು, ಹೋಯಿತು. ಬುದ್ಧಿ ಅವನ ಕಡೆ ನೋಡಲಿಲ್ಲ. ಎರಡನೆಯ ತಿರುವು.

ಧಡಕ್.

"ಅವ್ವಾ!" ಎಂದು ದುಂಡಮ್ಮ ಹೊಟ್ಟೆಯನ್ನು ಎರಡೂ ಕೈಯಿಂದ ಬಾಚಿ ಹಿಡಿದಳು. "ಇಳ್ಸಿ ನನ್ನ. ಇಳ್ಸಿ."

ಗುರುಮಲ್ಲ ಗಾಡಿ ನಿಲ್ಲಿಸಿದ. ಚಿಕ್ಕ ಲಿವರನ್ನು ಹಿಡಿದು ಎಳೆದ. ಈ ಸಲ ಕೈ ಬಂತು, ಲಿವರ್ ಬರಲಿಲ್ಲ. ಎರಡೂ ಕೈಯಿಂದ ಎಳೆದ. ಕಬ್ಬಿಣ ಕಬ್ಬಿಣವನ್ನು ಕಚ್ಚಿಕೊಂಡಿತ್ತು.

"ಬತ್ತಾ ಇಲ್ಲ ಬುದ್ಧಿ! ಸಿಕ್ಕಾಕಂಡದ!"

"ಬಿಗಿ ಬಿಚ್ಚಲಿ. ಹಿಂದಕ್ಕೆ ಹೋಗು."

"ಹಿಂದಕ ಹೊಳೆ ಅದ ಬುದ್ಧಿ."

"ಇದೆ. ನೋಡಿಕೊಂಡು ಹೋಗು."

ರಿವರ್ಸ್ ಹಾಕಿದವನು ತಿರುಗಿ ನೋಡಲೇಬೇಕು. ಗುರುಮಲ್ಲ ತಿರುಗಿದ. ಹೊಳೆ ಕಾಣುವ ಮೊದಲು ದುಂಡಮ್ಮನ ಮುಖ ಕಂಡಿತು.

ಎರಡು ವರ್ಷದಲ್ಲಿ ಅವನು ಆ ಮುಖವನ್ನು ನೋಡಿದ್ದು ಅದೇ ಮೊದಲು. ಅವಳು ಅವನನ್ನೇ ನೋಡುತ್ತಿದ್ದಳು. ಹಣೆಯ ತುಂಬ ಬೆವರು. ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ, ಬಿಸಿಲಿಗೆ ಹೊಳೆ ಮಿನುಗುತ್ತಿತ್ತು.

"ತಪ್ಪಾಯ್ತು ಕನವ್ವ," ಎಂದ ಗುರುಮಲ್ಲ. "ಅವತ್ತು ನಾನು ಲಿವರ್ ಹಾಕೋದ ಮರ್ತ್ಬುಟ್ಟೆ."

ರಾಚವ್ವ ಸೆರಗು ಬಾಯಿಗಿಟ್ಟುಕೊಂಡಳು.

ದುಂಡಮ್ಮ ಹಲ್ಲು ಕಚ್ಚಿ ನೋವನ್ನು ದಾಟಿಸಿಕೊಂಡಳು. "ನಂಗೂ ಗೊತ್ತಣ್ಣ," ಎಂದಳು. "ನೀ ಒಂದ್ ಮಾತು ಹೇಳ್ತೀಯೇನೋ ಅಂತ ಎಲ್ಡು ವರ್ಷ ನೋಡ್ದೆ. ಈಗ ನನ್ ಮಖ ನೋಡ್ಕಂಡು ಕೂರ್ಬ್ಯಾಡ. ಹೊಳ ನೋಡ್ಕಂಡು ತಿರುಗ್ಸು."

ಗುರುಮಲ್ಲ ಹೊಳೆ ನೋಡಿಕೊಂಡು ಗಾಡಿಯನ್ನು ಹಿಂದಕ್ಕೆ ಬಿಟ್ಟ. ಎರಡು ಮಾರು. ಮೂರು ಮಾರು. ನಾಲ್ಕನೆಯ ಮಾರಿಗೆ ಕೆಳಗೆಲ್ಲೋ ಟಕ್ ಎಂದು ಸಣ್ಣ ಸದ್ದಾಯಿತು, ಬೆರಳಿನ ನೆಟಿಗೆ ಮುರಿದಷ್ಟೇ.

ಲಿವರ್ ಎರಡು ಬೆರಳಿಗೆ ಬಂತು.

ಅಲ್ಲಿಂದ ಮುಂದೆ ಇಪ್ಪತ್ತು ಕಿಲೋಮೀಟರು. ತಿರುವುಗಳು ಬಂದವು, ಹೋದವು. ಎಂಜಿನ್ನಿನ ಗುಡುಗುಡು, ದುಂಡಮ್ಮನ ಉಸಿರು, ರಾಚವ್ವ ಮಾದಪ್ಪನನ್ನು ಕರೆಯುವ ದನಿ. ಬೇರೆ ಏನೂ ಕೇಳಿಸಲಿಲ್ಲ.

ಹೆರಿಗೆ ವಾರ್ಡಿನ ಹೊರಗೆ ಗಂಡಸರಿಗೆ ಕೂರಲು ಒಂದು ಬೆಂಚು. ಗುರುಮಲ್ಲ ಕೂರಲಿಲ್ಲ. ಗೋಡೆಗೆ ಆತು ನಿಂತು ಬಾಗಿಲನ್ನೇ ನೋಡುತ್ತಿದ್ದ. ಹನ್ನೊಂದೂವರೆಯ ಹೊತ್ತಿಗೆ ಒಳಗಿಂದ ಒಂದು ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಆಸ್ಪತ್ರೆಯೇ ತನ್ನದು ಎನ್ನುವ ಹಾಗೆ.

"ಏನನ್ನುತ್ತೆ?" ಎಂದರು ಬುದ್ಧಿ.

ಗುರುಮಲ್ಲ ಎರಡು ವರ್ಷದ ಮೇಲೆ ನಕ್ಕ, ನಗುತ್ತಾ ಮುಖ ಒರೆಸಿಕೊಂಡ. ಹೆಣ್ಣು ಕೂಸು, ತಾಯಿ ಕ್ಷೇಮ ಎಂದು ರಾಚವ್ವ ಹೊರಗೆ ಬಂದು ಹೇಳಿದಳು.

ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರೂ ಹಿಂದಿರುಗಿದರು. ರಸ್ತೆಯ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಕಲ್ಲುಗಳು ಇನ್ನೂ ಬಿದ್ದಿದ್ದವು. ಜೀಪು ಅವುಗಳ ಪಕ್ಕದಲ್ಲಿ ಸುಮ್ಮನೆ ಸಾಗಿತು.

ಟಾರು ಮುಗಿಯುವಲ್ಲಿ, ದೊಡ್ಡ ಕಲ್ಲಿನ ಹತ್ತಿರ, ಗುರುಮಲ್ಲ ತಾನಾಗಿ ಗಾಡಿ ನಿಲ್ಲಿಸಿದ. ಮುಂದೆ ಹೊಳೆ.

"ಬುದ್ಧಿ, ಒಂದ್ ಮಾತು."

"ಕೇಳು."

"ಆ ಮೊದಲ್ನೇ ಕೂಸ... ನಾನು ಮರ್ತ್ಬುಡಬೇಕಾ?"

ಬುದ್ಧಿ ಹೊಳೆಯನ್ನು ನೋಡಿದರು. ಆಮೇಲೆ ಕೈ ಚಾಚಿ ಆ ಚಿಕ್ಕ ಲಿವರನ್ನು ಬೆರಳಿನಿಂದ ತಟ್ಟಿದರು.

"ಇದನ್ನ ಕಿತ್ತು ಬಿಸಾಡು ಅಂದೆನೇನಪ್ಪ ನಾನು? ಹೊಳೆ ಬಂತು. ಹಾಕು."